ಮೇಲೆ ಬಿಸ್ಕತ್ತು, ಕೆಳಗೆ ಗೆಂಡೆ: ಕೆರೆ ದಡದಲ್ಲಿ ಮೂರು ದಿನ

ಗೆಂಡೆ ತಳದ ಮೀನು. ಬಾಯಿ ಕೆಳಮುಖ, ಬಾಯಿಯ ಎರಡೂ ಕಡೆ ಮೀಸೆ, ಕೆಸರಿಗೆ ಮೂತಿ ತೂರಿಸಿ ಹುಳ ಹುಪ್ಪಟೆ ಹುಡುಕೋದೇ ಅದರ ಕಸುಬು. ಅಂಥ ಮೀನನ್ನು ನೀರಿನ ಮೇಲೆ ತೇಲುವ ಎರೆ ಹಾಕಿ ಹಿಡಿಯುತ್ತೇನೆ ಅಂದಾಗ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರದು ಮೂವತ್ತು ವರ್ಷದಿಂದ ಒಂದೇ ಪದ್ಧತಿ. ಸೀಸದ ಗುಂಡು ಕಟ್ಟು, ತಳಕ್ಕೆ ಬಿಡು, ಕೂತು ತೂಕಡಿಸು. "ಆಯ್ತಪ್ಪ, ಮೂರು ದಿನ ಇದ್ದು ಬರೋಣ. ನೀನು ಮೇಲೆ ಹಿಡಿ, ನಾನು ಕೆಳಗೆ ಹಿಡೀತೀನಿ" ಅಂದರು.

ಅನುಮತಿ, ಉಳಿಯೋ ಜಾಗ ಎಲ್ಲ ಅವರೇ ನೋಡಿಕೊಂಡರು. ನಾನು ತಲೆ ಕೆಡಿಸಿಕೊಂಡಿದ್ದು ಎರೆ ಬಗ್ಗೆ ಮಾತ್ರ. ಎರಡು ಡಬ್ಬ ನಾಯಿ ಬಿಸ್ಕತ್ತು, ಮೀನಿಗೆ ಹಾಕೋ ತೇಲುವ ಗುಳಿಗೆ ಒಂದು ಚೀಲ, ಮೂರು ಬ್ರೆಡ್. ನಾವು ತಿನ್ನೋಕೆ ತಂದಿದ್ದಕ್ಕಿಂತ ಮೀನಿಗೆ ತಂದಿದ್ದೇ ಜಾಸ್ತಿ ಅಂತ ದಾರಿಯುದ್ದಕ್ಕೂ ಅನ್ನಿಸಿಕೊಂಡೆ.

ಮೊದಲ ದಿನ

ಕೊನೆಯ ನಾಲ್ಕು ಕಿಲೋಮೀಟರ್ ಮಣ್ಣು ರಸ್ತೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಗುಂಡಿಗಳ ತುಂಬಾ ಕೆಂಪು ನೀರು, ಆಳ ಎಷ್ಟು ಅಂತ ಗೊತ್ತಾಗಲ್ಲ. ಭಾವ ಪ್ರತಿ ದೊಡ್ಡ ಗುಂಡಿಗೂ ಕಾರು ನಿಲ್ಲಿಸಿ, ಇಳಿದು, ಕೋಲು ಅದ್ದಿ ನೋಡಿ, ಬಂದು ಕೂತು, ನಿಧಾನಕ್ಕೆ ದಾಟಿಸುತ್ತಿದ್ದರು. ಆ ಕೋಲು ನನ್ನ ಕೈಬಲೆಯ ಹಿಡಿ ಅಂತ ನನಗೆ ಗೊತ್ತಾಗಿದ್ದು ಮೂರನೇ ಗುಂಡಿ ದಾಟಿದ ಮೇಲೆ. ಒಂದರೊಳಗೆ ಒಂದು ಸೇರೋ ಉದ್ದನೆಯ ಹಿಡಿ ಅದು. ಸಂದಿಗೆಲ್ಲ ಮರಳು ಹೋಗಿತ್ತು. "ತೊಳೆದರೆ ಹೋಗುತ್ತೆ ಬಿಡು" ಅಂದರು. ನಾನೂ ಬಿಟ್ಟೆ.

ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಬಿಸಿಲು ಚುರುಗುಟ್ಟುತ್ತಿತ್ತು, ಗಾಳಿ ಒಂದಿಷ್ಟೂ ಇರಲಿಲ್ಲ. ಕೆರೆ ದೊಡ್ಡದೇನಲ್ಲ. ಒಂದು ಕಡೆ ಏರಿ, ಎದುರು ದಡದಲ್ಲಿ ನೀರಿಗೆ ಬಾಗಿದ ಮರಗಳು, ಅವುಗಳ ಕೆಳಗೆ ಒತ್ತಾಗಿ ನೈದಿಲೆ. ಪೋಲರೈಸ್ಡ್ ಕನ್ನಡಕ ಹಾಕಿದ ತಕ್ಷಣ ನೀರಿನ ಮೇಲಿದ್ದ ಬೆಳ್ಳಿ ಹೊಳಪು ಒರೆಸಿದ ಹಾಗೆ ಹೋಯಿತು. ಕೆಳಗೆ ಕಪ್ಪು ಬೆನ್ನುಗಳು. ಒಂದು, ಮೂರು, ಏಳು. ನೈದಿಲೆ ಎಲೆಗಳು ಸುಮ್‌ಸುಮ್ನೆ ಅಲ್ಲಾಡುತ್ತಿದ್ದವು. ಎಲೆಯ ಅಡಿಗೆ ಅಂಟಿಕೊಂಡಿರೋ ಬಸವನಹುಳುಗಳನ್ನು ಗೆಂಡೆಗಳು ಹೀರಿ ತಿನ್ನುತ್ತಿದ್ದವು. ಚಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಪ್. ಈ ಮೀನಿನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರೋದು ಗಂಟಲಲ್ಲಿ. ಕಚ್ಚಲ್ಲ, ಹೀರುತ್ತೆ. ಹಾಗಾಗಿ ಆ ಸದ್ದು.

ನಾನು ಸಾಮಾನು ಎತ್ತಿಕೊಂಡು ಆ ದಡಕ್ಕೆ ಓಡಿದೆ.

ಓಡಿದ್ದೇ ತಪ್ಪು. ಗೆಂಡೆ ಜಾತಿಯ ಮೀನಿಗೆ ಗಾಳಿಚೀಲದಿಂದ ಒಳಕಿವಿವರೆಗೆ ಪುಟ್ಟ ಮೂಳೆಗಳ ಒಂದು ಸರಪಳಿ ಇದೆ. ವೆಬರ್ ಮೂಳೆಗಳು ಅಂತಾರೆ. ನೀರಲ್ಲಿ ಹರಡುವ ಸಣ್ಣ ಅದುರೂ ಕಿವಿಗೆ ಮುಟ್ಟುತ್ತೆ. ಓದಿ ಗೊತ್ತಿತ್ತು. ಆದರೆ ಏಳು ಕಪ್ಪು ಬೆನ್ನು ಕಂಡಾಗ ಓದಿದ್ದು ಯಾರಿಗೆ ನೆನಪಿರುತ್ತೆ? ನಾನು ತಲುಪಿದಾಗ ಎಲೆಗಳು ನಿಶ್ಚಲ, ನೀರಲ್ಲಿ ಬರೀ ಕೆಸರಿನ ಮೋಡ.

ಅರ್ಧ ಗಂಟೆಗೆ ಎರಡು ಮೀನು ವಾಪಸ್ ಬಂದವು. ಅಷ್ಟರಲ್ಲಿ ಗಾಳ ಕಟ್ಟಿ ಮುಗಿಸಿದ್ದೆ. ರೀಲಿನ ತಂಗೂಸಿಗೆ ಮೊದಲು ಕಂಟ್ರೋಲರ್ ಅನ್ನೋ ಬೆಂಡು. ಮಾಮೂಲಿ ಬೆಂಡಿನ ಹಾಗೆ ಮೀನು ಕಚ್ಚಿದ್ದನ್ನು ತೋರಿಸೋದು ಇದರ ಮುಖ್ಯ ಕೆಲಸ ಅಲ್ಲ, ದೂರ ಎಸೆಯೋಕೆ ತೂಕ ಬೇಕಲ್ಲ, ಅದಕ್ಕೆ. ಒಣ ಬಿಸ್ಕತ್ತನ್ನು ಹಾಗೇ ಎಸೆದರೆ ಕಾಲ ಬುಡಕ್ಕೇ ಬೀಳುತ್ತೆ. ಬೆಂಡಿನ ಅಡಿಯಲ್ಲಿ ಭಾರ ಇರುತ್ತೆ, ಹಾಗಾಗಿ ನೀರಲ್ಲಿ ನೆಟ್ಟಗೆ ನಿಂತು ತಲೆ ಮಾತ್ರ ಹೊರಗಿಡುತ್ತೆ. ತಂಗೂಸಿ ಅದರ ತಲೆಯ ಬಳೆಯೊಳಗೆ ಸಲೀಸಾಗಿ ಜಾರಬೇಕು. ಆಮೇಲೆ ಒಂದು ರಬ್ಬರ್ ಮಣಿ, ಒಂದು ಸ್ವಿವೆಲ್ (ದಾರ ತಿರುಚಿಕೊಳ್ಳದ ಹಾಗೆ ತಿರುಗೋ ಪುಟ್ಟ ಲೋಹದ ಕೊಂಡಿ), ಅಲ್ಲಿಂದ ಕೊಕ್ಕೆವರೆಗೆ ತುಂಡು ದಾರ. ಹೀಗೆ ಜಾರುವಂತೆ ಕಟ್ಟೋದಕ್ಕೆ ಕಾರಣ ಇದೆ. ತಂಗೂಸಿ ತುಂಡಾದರೆ ಬೆಂಡು ಕಳಚಿಕೊಳ್ಳಬೇಕು, ಮೀನು ಅದನ್ನು ಜೀವನ ಪೂರ್ತಿ ಎಳೆದುಕೊಂಡು ತಿರುಗಬಾರದು.

ಕಟ್ಟಿದ್ದೇನೋ ಸರಿ. ಆದರೆ ತುಂಡು ದಾರ ಎರಡೇ ಅಡಿ ಬಿಟ್ಟಿದ್ದೆ, ಅದೂ ಫ್ಲೋರೋಕಾರ್ಬನ್, ನೀರಲ್ಲಿ ಕಾಣಲ್ಲ ಅನ್ನೋ ಆಸೆಗೆ. ಫ್ಲೋರೋಕಾರ್ಬನ್ ನೀರಿಗಿಂತ ಸುಮಾರು 1.8 ಪಟ್ಟು ಭಾರ. ಅದು ಮುಳುಗುತ್ತಾ ಬಿಸ್ಕತ್ತಿನ ಒಂದು ಮಗ್ಗುಲನ್ನು ಕೆಳಕ್ಕೆ ಜಗ್ಗುತ್ತಿತ್ತು. ಸುತ್ತಲಿನ ಬಿಸ್ಕತ್ತುಗಳು ಅಂಗಾತ ಮಲಗಿದ್ದರೆ ನನ್ನದು ಕುಂಟುತ್ತಿತ್ತು. ಜೊತೆಗೆ ಬೆಂಡು ಮೀನಿನ ತಲೆ ಮೇಲೇ ಧೊಪ್ ಅಂತ ಬಿತ್ತು. ಆ ಎರಡೂ ಹೋದವು.

ಸಂಜೆವರೆಗೆ ಮೂವತ್ತು ಸಲ ಎಸೆದಿರಬಹುದು. ಭಾವ ಏರಿ ಮೇಲಿಂದ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಕತ್ತಲಾಗೋ ಹೊತ್ತಿಗೆ ಕೋಲೂರಿಕೊಂಡು ಒಬ್ಬ ಅಜ್ಜ ಬಂದರು. ದಿನಾ ಸಂಜೆ ಕೆರೆಗೆ ಒಂದು ಸುತ್ತು ಹಾಕುತ್ತಾರಂತೆ.

"ಏನಪ್ಪಾ, ಬಿತ್ತಾ?"

"ಇಲ್ಲ ಅಜ್ಜ. ಕಾಣುತ್ತೆ, ಮುಟ್ಟಲ್ಲ."

"ಮುಟ್ಟಲ್ಲ ಬಿಡು. ನೋಡ್ತಾನೇ ಇದ್ದೆ. ಪಂಕ್ತಿ ಕೂರೋಕೆ ಮುಂಚೆನೇ ಎಲೆ ಎತ್ತುತಾ ಇದ್ದೀಯ."

ಅಷ್ಟು ಹೇಳಿ ನನ್ನ ಬ್ರೆಡ್ಡಿನ ಒಂದು ಅಂಚನ್ನು ಹರಿದು ನೀರಿಗೆ ಎಸೆದು ಹೊರಟುಬಿಟ್ಟರು. ಅದು ಹತ್ತು ನಿಮಿಷ ತೇಲಿತು. ಆಮೇಲೆ ಕತ್ತಲಲ್ಲಿ ಚಪ್.

ಎರಡನೇ ದಿನ

ಬೆಳಗಿನ ಜಾವ ಐದೂವರೆಗೆ ಎದ್ದು ನೋಡಿದರೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ನೀರಿನ ಮೇಲೆ ಹತ್ತಿಪ್ಪತ್ತು ಬಾಯಿಗಳು ತೆರೆದು ಮುಚ್ಚುತ್ತಿದ್ದವು. ನಾನು ಪಿಸುಮಾತಲ್ಲೇ ಭಾವನನ್ನು ಎಬ್ಬಿಸಿದೆ. ಅವರು ಕಣ್ಣುಜ್ಜಿಕೊಂಡು ನೋಡಿ, "ಇವು ತಿಂತಾ ಇಲ್ಲ ಕಣೋ, ಉಸಿರು ಹುಡುಕ್ತಾ ಇವೆ. ರಾಡ್ ಕೆಳಗಿಡು" ಅಂದರು.

ಅವರು ಹೇಳಿದ್ದು ಸರಿ. ರಾತ್ರಿಯಿಡೀ ನೀರಿನ ಗಿಡ, ಪಾಚಿ ಎಲ್ಲ ಆಕ್ಸಿಜನ್ ಬಳಸುತ್ತವೆ, ಬಿಸಿಲಿಲ್ಲದೆ ಹೊಸದಾಗಿ ಮಾಡಲ್ಲ. ಹಾಗಾಗಿ ಸೂರ್ಯ ಹುಟ್ಟೋ ಹೊತ್ತಿಗೆ ನೀರಲ್ಲಿ ಅದು ಅತಿ ಕಡಿಮೆ. ಸಾಲದ್ದಕ್ಕೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗೋದೂ ಕಡಿಮೆ. 15 ಡಿಗ್ರಿಯ ನೀರಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ತಿನ್ನೋ ಗೆಂಡೆ ಮೇಲೆ ಬಂದು, ಹೀರಿ, ತಿರುಗಿ ಹೋಗುತ್ತೆ. ಇವು ಒಂದೇ ಕಡೆ ನಿಂತು, ಒಂದೇ ಲಯದಲ್ಲಿ, ಏನೂ ಇಲ್ಲದ ಜಾಗದಲ್ಲಿ ಬಾಯಿ ಆಡಿಸುತ್ತಿದ್ದವು. ಆ ಸ್ಥಿತಿಯಲ್ಲಿರೋದನ್ನು ಹಿಡಿದು ಎಳೆದಾಡಿಸಿದರೆ ಆಮೇಲೆ ಬಿಟ್ಟರೂ ಬದುಕೋದು ಕಷ್ಟ. ಎಂಟು ಗಂಟೆವರೆಗೆ ಸುಮ್ನೆ ಕೂತೆವು.

ಸುಮ್ನೆ ಅಂದರೆ ನಾನಲ್ಲ. ಬಿಸ್ಕತ್ತು ನೆನೆಸೋಣ ಅಂತ ಕೂತೆ. ಒಣ ಬಿಸ್ಕತ್ತಿಗೆ ಕೊಕ್ಕೆ ಚುಚ್ಚಿದರೆ ಎರಡು ಹೋಳಾಗುತ್ತೆ. ಬಿಸಿನೀರು ಸ್ವಲ್ಪ ಚಿಮುಕಿಸಿ, ಡಬ್ಬ ಮುಚ್ಚಿ, ಆಗಾಗ ಕುಲುಕುತ್ತಾ ಅರ್ಧ ಗಂಟೆ ಇಟ್ಟರೆ ರಬ್ಬರಿನ ಹಾಗಾಗುತ್ತೆ, ಸೂಜಿ ಸಲೀಸಾಗಿ ಹೋಗುತ್ತೆ. ನಾನು ಚಿಮುಕಿಸಲಿಲ್ಲ, ಸುರಿದೆ. ಆಮೇಲೆ ಭಾವನ ಜೊತೆ ಮಾತಿಗೆ ಕೂತು ಮರೆತೆ. ಮುಚ್ಚಳ ತೆಗೆದರೆ ಗಂಜಿ. ಒಂದು ಡಬ್ಬ ಪೂರ್ತಿ ಹೋಯಿತು. ಭಾವ ಅದನ್ನೇ ಉಂಡೆ ಕಟ್ಟಿ, ಗುಂಡಿನ ಜೊತೆ ತಳಕ್ಕೆ ಬಿಟ್ಟು, ಹನ್ನೊಂದು ಗಂಟೆಯೊಳಗೆ ಎರಡು ಗೆಂಡೆ ಹಿಡಿದರು. ನನ್ನ ಬಿಸ್ಕತ್ತಲ್ಲಿ!

ಅಷ್ಟರಲ್ಲಿ ಗಾಳಿ ಎದ್ದಿತ್ತು. ತೇಲುವ ಎರೆಗೆ ಗಾಳಿ ಹಿಂದಿನಿಂದ ಬೀಸಬೇಕು. ದಡದಿಂದಲೇ ಬಿಸ್ಕತ್ತು ಎರಚಿದರೆ ಅದೇ ತೇಲಿಸಿಕೊಂಡು ಮೀನಿನ ಹತ್ತಿರ ಒಯ್ಯುತ್ತೆ. ನಾವಿದ್ದ ಕಡೆ ಅಡ್ಡಗಾಳಿ. ರಬ್ಬರ್ ಕವಣೆಯಲ್ಲಿ ಹೊಡೆದ ಬಿಸ್ಕತ್ತುಗಳು ಸಾಲಾಗಿ ಬಲಕ್ಕೆ ಹೊರಟವು. ನನ್ನ ಕೊಕ್ಕೆಯದು ಮಾತ್ರ ಬೇರೆ ದಾರಿ ಹಿಡಿಯಿತು, ಯಾಕೆಂದರೆ ದಡದಿಂದ ಬೆಂಡಿನವರೆಗಿನ ತಂಗೂಸಿಯನ್ನು ಗಾಳಿ ಬಿಲ್ಲಿನ ಹಾಗೆ ಬಗ್ಗಿಸಿ ಎಳೆಯುತ್ತಿತ್ತು. ಹತ್ತು ಬಿಸ್ಕತ್ತು ಒಂದು ಕಡೆ ಹೋಗುವಾಗ ಒಂದು ಮಾತ್ರ ಅಡ್ಡ ಹೊರಟರೆ ಮೀನಿಗೂ ಅನುಮಾನ ಬರಲ್ವಾ? ಒಂದು ದೊಡ್ಡ ಮೀನು ಕೆಳಗಿನಿಂದ ಎದ್ದು ಬಂತು, ನನ್ನ ಬಿಸ್ಕತ್ತಿಗೆ ಮೂತಿ ತಾಗಿಸಿತು, ತಳ್ಳಿತು, ಅದರ ಜೊತೆ ಒಂದಡಿ ಹೋಯಿತು, ಬಾಲ ಬಡಿದು ವಾಪಸ್ ಹೋಯಿತು. ನೀರು ಕಲಕಿದ್ದು ನೋಡಿ ನಾನು ರಾಡ್ ಜಗ್ಗಿಬಿಟ್ಟೆ. ಬಾಯಲ್ಲಿ ಏನೂ ಇಲ್ಲ. ಅಷ್ಟು ಭಾರದ ಬೆಂಡು ನೀರಿಂದ ಕಿತ್ತುಕೊಂಡು, ಸುಂಯ್ ಅಂತ ಬಂದು ಭಾವನ ಫ್ಲಾಸ್ಕಿಗೆ ಹೊಡೆಯಿತು. ಫ್ಲಾಸ್ಕಿನ ಬದಲು ಕಣ್ಣಾಗಿದ್ದರೆ? ಇಂಥ ಗಾಳದಲ್ಲಿ ಕನ್ನಡಕ ಬರೀ ಮೀನು ನೋಡೋಕೆ ಅಲ್ಲ. ಮತ್ತೆ ಕಲಕಿದ್ದನ್ನು ನೋಡಿ ಜಗ್ಗಬಾರದು, ತಂಗೂಸಿ ತಾನಾಗಿ ಬಿಗಿಯೋದನ್ನು ನೋಡಿ ಜಗ್ಗಬೇಕು. ಇದನ್ನೂ ಓದಿದ್ದೆ.

ಆಮೇಲೆ ನಾಮದ ಕೋಳಿಗಳು ಬಂದವು. ಹಣೆ ಮೇಲೆ ಬಿಳಿ ನಾಮ, ಮೈ ಕಪ್ಪು, ಮುಖದಲ್ಲಿ ಭಾರೀ ಗಾಂಭೀರ್ಯ. ಬಿಸ್ಕತ್ತಿನ ಸಾಲಿಗೆ ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಮುಗಿಸಿದವು. ಹಕ್ಕಿ ಹತ್ತಿರ ಬಂದರೆ ಗಾಳ ಎಳೆದುಕೊಳ್ಳಲೇಬೇಕು. ತೇಲುವ ಎರೆಯನ್ನು ಬಿಟ್ಟು ಎದ್ದು ಹೋಗೋ ಹಾಗೇ ಇಲ್ಲ, ಕೊಕ್ಕೆ ನುಂಗಿದ ಹಕ್ಕಿಗಿಂತ ದೊಡ್ಡ ಪಾಪ ಇನ್ನೊಂದಿಲ್ಲ. ಗಾಳ ಸುತ್ತಿಟ್ಟು ಊಟಕ್ಕೆ ಕೂತರೆ ನಮ್ಮ ಪೊಟ್ಟಣಕ್ಕೆ ಇರುವೆ ಹತ್ತಿತ್ತು. ಮೀನಿನ ಬ್ರೆಡ್ಡನ್ನೇ ತಿಂದೆವು.

ಸಂಜೆ ಅಜ್ಜ ಮತ್ತೆ ಬಂದರು, ಈ ಸಲ ಕೂತರು. ಚಿಕ್ಕಂದಿನಲ್ಲಿ ಅವರಿಗೆ ರೀಲೂ ಇರಲಿಲ್ಲ, ಬೆಂಡೂ ಇರಲಿಲ್ಲವಂತೆ. ಬ್ರೆಡ್ಡಿನ ದಪ್ಪ ಅಂಚಿಗೆ ಕೊಕ್ಕೆ ಚುಚ್ಚಿ, ಕತ್ತಲಾದ ಮೇಲೆ ಕೋಲಿನ ತುದಿಯಿಂದ ನೇರ ಕೆಳಗೆ, ದಡದ ಹುಲ್ಲಿನ ಪಕ್ಕ ಇಳಿಬಿಡುತ್ತಿದ್ದರಂತೆ. "ದಾರ ನೀರಿಗೆ ತಾಗಬಾರದು. ಬ್ರೆಡ್ ಮಾತ್ರ ತಾಗಬೇಕು. ದೂರ ಎಸೆಯೋದು ಯಾಕೆ? ರಾತ್ರಿ ಮೀನು ಕಾಲ ಹತ್ತಿರನೇ ಇರುತ್ತೆ, ನೀನು ಕಾಲು ಆಡಿಸದೇ ಇದ್ದರೆ."

ಪ್ರಯತ್ನಿಸಿದೆ. ಒಂಬತ್ತು ಗಂಟೆ ಸುಮಾರಿಗೆ ರಾಡಿನ ತುದಿಯ ಕೆಳಗೇ, ನನ್ನ ಮೊಣಕಾಲಿಂದ ಒಂದು ಮಾರು ದೂರದಲ್ಲಿ, ಏನೋ ಬ್ರೆಡ್ಡನ್ನು ಸುತ್ತಾ ಕಿತ್ತು ತಿನ್ನೋ ಸದ್ದು. ಉಸಿರು ಹಿಡಿದು ಕಾದೆ. ಸದ್ದು ನಿಂತಿತು. ಎತ್ತಿ ನೋಡಿದರೆ ಕೊಕ್ಕೆ ಬೋಳು. ಬ್ರೆಡ್ ಆಗಲೇ ನೆಂದು ಮೆತ್ತಗಾಗಿತ್ತು, ಅಂಚಿನ ಗಟ್ಟಿ ಕಡೆ ಸಿಕ್ಕಿಸೋ ಬದಲು ಒಳಗಿನ ಮೆತ್ತನೆ ಕಡೆ ಸಿಕ್ಕಿಸಿದ್ದೆ.

ಮಲಗೋ ಮುಂಚೆ ಟಾರ್ಚ್ ಬೆಳಕಲ್ಲಿ ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿದೆ. ಫ್ಲೋರೋಕಾರ್ಬನ್ ತೆಗೆದು ನೈಲಾನ್, ಎರಡಡಿ ಬದಲು ಐದಡಿ. ಸಣ್ಣ ಕೊಕ್ಕೆ, ಹಿಮ್ಮುಳ್ಳಿಲ್ಲದ್ದು. ಬಿಸ್ಕತ್ತನ್ನು ಕೊಕ್ಕೆಗೆ ಚುಚ್ಚಲಿಲ್ಲ, ಹೇರ್ ರಿಗ್ ಕಟ್ಟಿದೆ. ಕೊಕ್ಕೆಯ ಹಿಂದೆ ಕೂದಲೆಳೆಯಂಥ ದಾರ, ಅದರಲ್ಲಿ ಎರೆ. ಇದು 1980ರ ಸುಮಾರಿಗೆ ಇಂಗ್ಲೆಂಡಿನ ಲೆನ್ನಿ ಮಿಡ್ಲ್‌ಟನ್, ಕೆವಿನ್ ಮ್ಯಾಡಕ್ಸ್ ಅನ್ನೋರು ತೊಟ್ಟಿಯಲ್ಲಿ ಗೆಂಡೆ ಎರೆಯನ್ನು ಹೀರಿ ಉಗಿಯೋದನ್ನು ನೋಡಿ ಮಾಡಿದ್ದು, ಶುರುವಿನಲ್ಲಿ ನಿಜವಾದ ತಲೆಗೂದಲನ್ನೇ ಕಟ್ಟಿದ್ದರು. ಕೊಕ್ಕೆಯ ಭಾರಕ್ಕೆ ಬಿಸ್ಕತ್ತು ಬಾಗದಿರಲಿ ಅಂತ ಜೊತೆಗೆ ಕಡಲೆ ಗಾತ್ರದ ಕಾರ್ಕ್ ಚೂರು ಪೋಣಿಸಿದೆ. ಆಮೇಲೆ ರೀಲಿನ ತಂಗೂಸಿಯ ಮೊದಲ ಇಪ್ಪತ್ತು ಮೀಟರಿಗೆ ವ್ಯಾಸಲೀನ್ ಸವರಿದೆ. ನೈಲಾನ್ ನೀರಿಗಿಂತ ಚೂರು ಭಾರ, ಜಿಡ್ಡು ಹಚ್ಚಿದರೆ ತೇಲುತ್ತೆ, ಜಗ್ಗಿದಾಗ ನೀರಿಂದ ಸಲೀಸಾಗಿ ಏಳುತ್ತೆ.

ಮೂರನೇ ದಿನ

ಬೆಳಿಗ್ಗೆ ಒಂದು ಜಡಿಮಳೆ ಬಂದು ನಿಂತಿತು. ಹತ್ತು ಗಂಟೆಗೆ ಬಿಸಿಲು, ಹಿಂದಿನಿಂದ ಮೆಲುಗಾಳಿ. ನೈದಿಲೆಯ ಎಡಬದಿಯ ಹುಲ್ಲಲ್ಲಿ ಜಾಗ ಹಿಡಿದೆ. ಹಿಡಿದೆ ಅಂದರೆ ತೆವಳಿದೆ. ನೀರೊಳಗಿನ ಮೀನಿಗೆ ಹೊರಗಿನ ಲೋಕ ಎಲ್ಲಾ ಕಡೆಯಿಂದ ಕಾಣಲ್ಲ, ತಲೆಯ ಮೇಲೆ ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯಲ್ಲಿ ಅಷ್ಟೂ ಲೋಕ ಮುದುಡಿ ಕಾಣುತ್ತೆ. ದಡದಲ್ಲಿ ತಗ್ಗಾಗಿ ಕೂತವನು ಆ ಕಿಟಕಿಯ ಅಂಚಲ್ಲಿ ಒಂದು ಗೀಟು ಅಷ್ಟೇ. ಎದ್ದು ನಿಂತವನು ಆಕಾಶಕ್ಕೆ ಅಡ್ಡ ನಿಂತ ರಾಕ್ಷಸ.

ರಾಡನ್ನು ಕೈಗೆ ಸಿಗದಷ್ಟು ಹಿಂದೆ ಇಟ್ಟೆ. ಬೇಕಂತಲೇ. ಗುಳಿಗೆಗೆ ಒಂದು ಚಮಚ ಎಣ್ಣೆ ಹಾಕಿ ಕುಲುಕಿ, ಒಂದೊಂದೇ ಹಿಡಿ ಎರಚಿದೆ. ಎಣ್ಣೆಯಿಂದ ನೀರಿನ ಸಣ್ಣ ಸುಕ್ಕು ಇಸ್ತ್ರಿ ಹಾಕಿದ ಹಾಗೆ ಮಟ್ಟಸವಾಗುತ್ತೆ, ಎರೆ ಎಲ್ಲಿಗೆ ಹೋಗುತ್ತಿದೆ ಅಂತ ದೂರದಿಂದಲೂ ಕಾಣುತ್ತೆ. ಮೊದಲ ಹಿಡಿ ತೇಲಿ ಹೋಯಿತು, ಏನೂ ಆಗಲಿಲ್ಲ. ಎರಡನೆಯದೂ. ನಾಲ್ಕನೆಯದಕ್ಕೆ ಎಲೆಯ ಅಂಚಲ್ಲಿ ಒಂದು ಚಪ್. ಕೈ ರಾಡಿನ ಕಡೆ ಹೋಯಿತು, ವಾಪಸ್ ತಂದೆ. ಇಪ್ಪತ್ತು ನಿಮಿಷಕ್ಕೆ ಮೂರು ಮೀನು. ಅವು ಒಂದನ್ನು ತಿಂದು ನಾಲ್ಕನ್ನು ಮೂಸಿ ಬಿಡುತ್ತಿದ್ದವು. ಮತ್ತೊಂದು ಹಿಡಿ, ಮತ್ತೊಂದು. ಭಾವ ಏರಿಯಿಂದ ಎದ್ದು ಬಂದು ನನ್ನ ಪಕ್ಕ ಹೊಟ್ಟೆ ಮೇಲೆ ಮಲಗಿದ್ದರು. ಅವರ ವಯಸ್ಸಿಗೆ ಅದು ಸಣ್ಣ ವಿಷಯವಲ್ಲ.

ಒಂದು ಗಂಟೆ ಕಳೆದ ಮೇಲೆ ಲೆಕ್ಕ ತಪ್ಪಿತು. ಎಂಟೋ ಒಂಬತ್ತೋ ಇರಬೇಕು. ಈಗ ಮೂಸೋದಿಲ್ಲ, ಒಂದನ್ನೊಂದು ಭುಜದಿಂದ ದಬ್ಬುತ್ತಿದ್ದವು. ಬಹಳ ಹತ್ತಿರ ಒಂದು ಎದ್ದಿತು. ಬಾಯಿ ಮೊದಲು ಹೊರಗೆ ಬಂತು, ಮಸುಕು ಹಳದಿ, ರಬ್ಬರ್ ಬಳೆಯಂಥ ದುಂಡು ತುಟಿ, ಮೀಸೆಗಳು ಹಿಂದಕ್ಕೆ ಅಂಟಿಕೊಂಡಿದ್ದವು. ಮೂತಿಯ ಕೆಳಗಿನ ಬಿಸ್ಕತ್ತು ಅದಕ್ಕೇ ಕಾಣಲ್ಲವೇನೋ, ಎರಡು ಸಲ ಪಕ್ಕಕ್ಕೆ ಬಾಯಿ ಹಾಕಿ ಮೂರನೇ ಸಲಕ್ಕೆ ಸಿಕ್ಕಿತು. ನೀರಿನ ಜೊತೆ ಒಳಗೆ ಹೋಯಿತು, ಕಿವಿರಿನಿಂದ ನೀರು ಮಾತ್ರ ಆಚೆ ಬಂತು.

"ಈಗ ಹಾಕು" ಅಂದರು ಭಾವ.

"ಇನ್ನೊಂದು ಹಿಡಿ" ಅಂದೆ.

ಆ ಒಂದು ಹಿಡಿ ಹಾಕಿ, ಮೀನಿನ ಗುಂಪಿಗಿಂತ ಆಚೆಗೆ ಎಸೆದೆ. ಬೆಂಡು ನೀರು ಮುಟ್ಟೋ ಮುಂಚೆ ರೀಲಿನ ಮೇಲೆ ಬೆರಳಿಟ್ಟು ತಡೆದರೆ ಹಿಂದಿನ ತುಂಡು ದಾರ ಮುಂದಕ್ಕೆ ಚಾಚಿಕೊಳ್ಳುತ್ತೆ, ಗೋಜಲಾಗಲ್ಲ. ಆಮೇಲೆ ನಿಧಾನಕ್ಕೆ ಎಳೆದು ಬಿಸ್ಕತ್ತುಗಳ ಸಾಲಿಗೆ ಸೇರಿಸಿದೆ. ಯಾವುದು ನನ್ನದು ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ನೀರು ಕಲಕಿತು. ಜಗ್ಗಲಿಲ್ಲ. ಬೆಂಡು ಅಲುಗಿತು, ಆಮೇಲೆ ಜಾರಿಕೊಂಡು ಹೊರಟಿತು. ಎತ್ತಿದೆ.

ನೈದಿಲೆಯೊಳಗೆ ನುಗ್ಗದ ಹಾಗೆ ರಾಡನ್ನು ಪಕ್ಕಕ್ಕೆ ಬಗ್ಗಿಸಿ ಹಿಡಿದು ಹತ್ತು ನಿಮಿಷ. ಕೊನೆಗೆ ದಡಕ್ಕೆ ಬಂತು. ಭಾವ ಕೈಬಲೆ ಎತ್ತಿದರು, ಹಿಡಿ ಉದ್ದವಾಗಲಿಲ್ಲ. ಮೊದಲ ದಿನದ ಗುಂಡಿಗಳ ಮರಳು ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಎಳೆದರು, ತಿರುವಿದರು, ಬೈದರು. ಆಮೇಲೆ ಪ್ಯಾಂಟು ಮಡಿಸದೇ ಸೊಂಟದವರೆಗೆ ನೀರಿಗಿಳಿದು ಮೀನನ್ನು ಬಲೆಗೆ ಹಾಕಿಕೊಂಡರು.

ಐದೂಕಾಲು ಕಿಲೋ. ಮೈ ತುಂಬಾ ಹುರುಪೆ, ತಾಮ್ರದ ಪಾತ್ರೆ ಹುಣಸೆಹಣ್ಣು ಹಾಕಿ ಉಜ್ಜಿದ ಬಣ್ಣ. ಒದ್ದೆ ಚಾಪೆ ಮೇಲಿಟ್ಟು ಕೊಕ್ಕೆ ತೆಗೆದೆ, ಕೆಳತುಟಿಯ ಮಧ್ಯಕ್ಕೆ ಸರಿಯಾಗಿ ಸಿಕ್ಕಿತ್ತು. ತೂಗಿ, ನೀರಲ್ಲಿ ನೆಟ್ಟಗೆ ಹಿಡಿದು ನಿಂತೆ. ಬಾಲ ಬೀಸಿ ಹೋಯಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಈ ಗಲಾಟೆ ಆದ ಮೇಲೂ ಮುಕ್ಕಾಲು ಗಂಟೆಗೆ ಗುಂಪು ಮತ್ತೆ ಕೂಡಿತು, ಅದರಲ್ಲಿ ಒಂದು, ನೋಡಿದರೆ ಸಾಕು, ಮಿಕ್ಕವುಗಳ ಎರಡರಷ್ಟಿತ್ತು. ಸ್ವಿವೆಲ್ ಮೇಲಿನ ತಂಗೂಸಿ ತರಚಿದ್ದು ಕಂಡು, ಕತ್ತರಿಸಿ, ಗಡಿಬಿಡಿಯಲ್ಲಿ ಹೊಸ ಗಂಟು ಹಾಕಿ ಎಸೆದೆ. ಎರಡು ನಿಮಿಷಕ್ಕೆ ಆ ದೊಡ್ಡದೇ ತೆಗೆದುಕೊಂಡಿತು. ಒಂದೇ ಓಟ, ನೇರ ಕೆರೆಯ ನಡುವಿಗೆ, ರೀಲು ಕಿರುಚಿತು. ಆಮೇಲೆ ಕೈಯಲ್ಲಿ ಏನೂ ಇಲ್ಲ.

ಮೀನಿನ ಜೊತೆ ಹೋಗಿದ್ದು ಸ್ವಿವೆಲ್, ಐದಡಿ ದಾರ, ಒಂದು ಸಣ್ಣ ಕೊಕ್ಕೆ. ಹಿಮ್ಮುಳ್ಳಿಲ್ಲದ್ದು, ಉದುರಿಸಿಕೊಳ್ಳುತ್ತೆ. ಬೆಂಡು ಕಳಚಿಕೊಂಡು ಒಂಟಿಯಾಗಿ ತೇಲಿಕೊಂಡು ಏರಿ ಕಡೆಗೆ ಹೊರಟಿತ್ತು. ಅಲ್ಲಿ ಅಜ್ಜ ಆಗಲೇ ಬಂದು ನಿಂತಿದ್ದರು. ಕೋಲಿನಿಂದ ಅದನ್ನು ಎಳೆದುಕೊಂಡು, ಒರೆಸಿ, ನನ್ನ ಕೈಗಿಟ್ಟರು. ಏನೂ ಕೇಳಲಿಲ್ಲ.

ಭಾವ ತಂಗೂಸಿಯ ತುದಿಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿತ್ತು. ಹಾಗಿದ್ದರೆ ತಂಗೂಸಿ ತುಂಡಾಗಿಲ್ಲ, ಗಂಟು ಜಾರಿದೆ ಅಂತ ಅರ್ಥ. ಬಿಗಿಯೋ ಮುಂಚೆ ನೈಲಾನ್ ಗಂಟನ್ನು ಒದ್ದೆ ಮಾಡಲೇಬೇಕು, ಒಣಗಂಟು ಉಜ್ಜಿಕೊಂಡು ಬಿಸಿಯಾಗಿ ಬಲ ಕಳೆದುಕೊಳ್ಳುತ್ತೆ, ಸರಿಯಾಗಿ ಕೂರೋದೂ ಇಲ್ಲ.

"ಎಂಜಲು ಹಚ್ಚಿದ್ಯಾ?" ಅಂದರು.

"ಮರೆತೆ ಭಾವ."

ಅವರು ಒದ್ದೆ ಪ್ಯಾಂಟನ್ನು ಹಿಂಡುತ್ತಾ, "ಆ ಇನ್ನೊಂದು ಡಬ್ಬ ಬಿಸ್ಕತ್ತು ಎಲ್ಲಿದೆ, ಕೊಡು ಇತ್ಲಾಗೆ" ಅಂದರು.